ಅಸರ್ ಗಣಿತದ ಹಾಳೆ: ಹಂತ ಹೇಳುತ್ತದೆ, ಕಾರಣ ಹೇಳುವುದಿಲ್ಲ

ಶಿಕ್ಷಣ ಕ್ಷೇತ್ರದ ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ, ಹಳ್ಳಿ ಮಕ್ಕಳ ಓದು ಮತ್ತು ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಅಂಕಿಅಂಶ ಪತ್ರಿಕೆಯಲ್ಲಿ ಬಂದಾಗಲೆಲ್ಲ ಗದ್ದಲವಾಗುತ್ತದೆ. 2024ರಲ್ಲಿ ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಭಾಗಾಕಾರ ಬಂದವರು ಶೇ 30.7 ಮಾತ್ರ. ಆ ಅಂಕಿ ಹುಟ್ಟುವ ಹಾಳೆಯನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆ. ಅದು ಒಂದೇ ಪುಟ, ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ. ಶಿಕ್ಷಕರು, ಪೋಷಕರು ಯಾರು ಬೇಕಾದರೂ ಬಳಸಬಹುದು.

ಹಾಳೆಯಲ್ಲಿ ನಾಲ್ಕು ಭಾಗಗಳಿವೆ: 1ರಿಂದ 9ರ ಅಂಕಿಗಳು, 11ರಿಂದ 99ರ ಸಂಖ್ಯೆಗಳು, ಎರಡಂಕಿಯ ದಶಕಸಹಿತ (ಹತ್ತನ್ನು ಸಾಲ ತರುವ) ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಹೆಚ್ಚಿನವರು ಎಡವುವುದು ಶುರುವಿನಲ್ಲೇ. ಅಂಕಿ ಗುರುತಿಸುವುದರಿಂದ ಆರಂಭಿಸಬಾರದು. ಮೊದಲು ಕಳೆಯುವ ಎರಡು ಲೆಕ್ಕ ಕೊಡಬೇಕು. ಎರಡು ಲೆಕ್ಕವೂ ಸರಿಯಾದರೆ ಭಾಗಾಕಾರಕ್ಕೆ ಹೋಗಿ. ಒಂದು ತಪ್ಪಿದರೂ 11–99ಕ್ಕೆ ಇಳಿಯಿರಿ. ಅಲ್ಲಿ ಐದರಲ್ಲಿ ನಾಲ್ಕನ್ನು ಗುರುತಿಸಬೇಕು, ಆಗದಿದ್ದರೆ 1–9. ಭಾಗಾಕಾರದಲ್ಲಿ ಒಂದು ಲೆಕ್ಕ ಸಾಕು, ಆದರೆ ಭಾಗಲಬ್ಧ ಮತ್ತು ಶೇಷ ಎರಡೂ ಸರಿ ಇರಬೇಕು. ಗಡಿಬಿಡಿಯಲ್ಲಿ ತಪ್ಪಿದ ಮಗುವಿಗೆ ಅದೇ ಲೆಕ್ಕವನ್ನು ಇನ್ನೊಮ್ಮೆ ಕೊಡಿ. ಈ ಇಳಿಯುವ ಕ್ರಮದಿಂದಾಗಿ ಒಂದು ಮಗುವಿಗೆ ಹತ್ತು ನಿಮಿಷವೂ ಬೇಕಾಗುವುದಿಲ್ಲ.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾಡುವುದು ಇದರ ದೊಡ್ಡ ಗುಣ. ಕಿರುಪರೀಕ್ಷೆಯಲ್ಲಿ ಪಕ್ಕದವರನ್ನು ನೋಡಿ ಬರೆದದ್ದು, ಪ್ರಶ್ನೆ ಓದಲು ಬಾರದೆ ಬಿಟ್ಟದ್ದು ಎಲ್ಲ ಒಂದೇ ಅಂಕಪಟ್ಟಿಯಲ್ಲಿ ಬೆರೆತುಹೋಗುತ್ತವೆ. ಇಲ್ಲಿ ಆ ತೊಡಕಿಲ್ಲ.

ಸಂಖ್ಯೆ ಗುರುತಿಸುವಾಗ ಭಾಷೆಯ ಕಡೆ ಗಮನವಿರಲಿ. ಇಪ್ಪತ್ತಾರು, ಐವತ್ತೆಂಟು ಎಂದು ನಾವು ಹೇಳುವ ಕ್ರಮವೂ ಬರೆಯುವ ಕ್ರಮವೂ ಒಂದೇ, ಹತ್ತು ಮೊದಲು, ಬಿಡಿ ಆಮೇಲೆ. ಹನ್ನೊಂದರಿಂದ ಹತ್ತೊಂಬತ್ತರವರೆಗೂ ಕ್ರಮ ಅದೇ, ಆದರೆ ಹತ್ತು ಎಂಬುದು ಹನ್, ಹದಿ ಎಂದು ರೂಪ ಬದಲಿಸುವುದರಿಂದ ತೊಡಕಾಗಬಹುದು. ಹಾಗಾಗಿ 17, 71ರಂಥ ಜೋಡಿಗಳನ್ನು ತಪ್ಪದೆ ಕೇಳಿ. ಮಗು ‘ಫಿಫ್ಟಿ ಎಯ್ಟ್’ ಎಂದರೂ ಸರಿಯೇ. ಇಂಗ್ಲಿಷ್ ಮಾಧ್ಯಮದವರಲ್ಲಿ ಥರ್ಟೀನ್ ಮತ್ತು ಥರ್ಟಿ ಕಲಸಿಹೋಗಿರುತ್ತವೆ, ಅದನ್ನು ಬೇರೆಯಾಗಿ ನೋಡಿ.

ಇನ್ನು ಕೊರತೆ. ಹಾಳೆ ಕೊಡುವುದು ಒಂದು ಹಂತದ ಹೆಸರನ್ನಷ್ಟೇ. 63ರಿಂದ 39 ಕಳೆಯಲು ಕೊಟ್ಟಿರಿ ಎನ್ನಿ, ಉತ್ತರ 24. ಒಂದು ಮಗು 36 ಬರೆಯುತ್ತದೆ: ಬಿಡಿಸ್ಥಾನದಲ್ಲಿ 9ರಿಂದಲೇ 3ನ್ನು ಕಳೆದಿದೆ, ದೊಡ್ಡದರಿಂದ ಚಿಕ್ಕದು ಎಂಬ ಮಾತು ತಲೆಯಲ್ಲಿ ಕೂತಿದೆ. ಇನ್ನೊಂದು 34 ಬರೆಯುತ್ತದೆ: ಹತ್ತನ್ನು ಸಾಲ ತಂದಿದೆ, ಆದರೆ 6ನ್ನು 5 ಮಾಡಲು ಮರೆತಿದೆ. ಮತ್ತೊಂದು 25 ಬರೆದರೆ ವಿಧಾನ ಗೊತ್ತು, ಬೆರಳೆಣಿಕೆ ತಪ್ಪಿದೆ. ಮೊದಲನೆಯದಕ್ಕೆ ಹತ್ತರ ಕಟ್ಟು ಬಿಚ್ಚಿ ಕಡ್ಡಿಗಳಿಂದ ಮತ್ತೆ ಕಲಿಸಬೇಕು, ಎರಡನೆಯದಕ್ಕೆ ಹೊಡೆದು ಹಾಕಿ ಬರೆಯುವ ಅಭ್ಯಾಸ ಸಾಕು, ಮೂರನೆಯದಕ್ಕೆ ಇಪ್ಪತ್ತರೊಳಗಿನ ಬಾಯಿಲೆಕ್ಕ. ಹಾಳೆಯ ಲೆಕ್ಕದಲ್ಲಿ ಮಾತ್ರ ಮೂವರಿಗೂ ಕಳೆಯುವುದು ಬಾರದು, ಅಷ್ಟೇ!

ಕಳೆಯುವುದರಿಂದ ಭಾಗಾಕಾರಕ್ಕೆ ನೆಗೆತವೂ ಜಾಸ್ತಿ. ನಡುವೆ ಗುಣಾಕಾರವಿಲ್ಲ, ಮಗ್ಗಿ ಬಾರದೆ ನಿಂತ ಮಗುವೂ ಭಾಗಿಸುವ ಕ್ರಮವೇ ತಿಳಿಯದ ಮಗುವೂ ಒಂದೇ ಸಾಲಿಗೆ ಬೀಳುತ್ತವೆ. ಇಂಥ ಲೆಕ್ಕಗಳನ್ನು ನೀವೇ ಬರೆದು ಕೊಡುವುದಾದರೆ ಕಷ್ಟದ ಮಟ್ಟ ಅಳೆದು ಕೊಡಿ: 824ನ್ನು 6ರಿಂದ ಭಾಗಿಸಿದರೆ 137, ಶೇಷ 2, ಸಾಧಾರಣ ಲೆಕ್ಕ. 745ನ್ನು 7ರಿಂದ ಭಾಗಿಸಿದರೆ 106, ಶೇಷ 3. ಭಾಗಲಬ್ಧದ ನಡುವಿನ ಸೊನ್ನೆ ಬಿಟ್ಟು 16 ಎಂದು ಬರೆಯುವವರೇ ಹೆಚ್ಚು. ಎರಡನ್ನೂ ಒಂದೇ ತೂಕ ಎಂದುಕೊಳ್ಳಬೇಡಿ.

ವಾಕ್ಯರೂಪದ ಲೆಕ್ಕ ಇದರಲ್ಲಿಲ್ಲ, ಸ್ಥಾನಬೆಲೆಯ ಪ್ರಶ್ನೆಯೂ ಇಲ್ಲ. 58 ಎಂದು ಓದಿದ ಮಗುವಿಗೆ ಐದು ಎಂದರೆ ಐವತ್ತು ಎಂಬುದು ಗೊತ್ತಿರಲೇಬೇಕೆಂದೇನಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದಾಗ ಮೂರರಿಂದ ಐದನೇ ತರಗತಿಯನ್ನು ಗುಂಪು ಮಾಡಲು ಇದಕ್ಕಿಂತ ಅಗ್ಗದ, ಬೇಗದ ಸಾಧನ ಸಿಗುವುದು ಕಷ್ಟ. ಮೂವತ್ತು ಮಕ್ಕಳ ತರಗತಿಗೆ ಮೂರ್ನಾಲ್ಕು ದಿನ ಇಟ್ಟುಕೊಳ್ಳಿ. ಹಾಳೆಯ ಬೇರೆ ಬೇರೆ ಮಾದರಿಗಳಿವೆ, ಸರದಿಯಂತೆ ಬದಲಿಸಿ; ಇಲ್ಲವಾದರೆ ನಾಲ್ಕನೇ ಮಗು ಬರುವಷ್ಟರಲ್ಲಿ ಉತ್ತರ ಹೊರಗೆ ಹೋಗಿರುತ್ತದೆ. ಮಗುವಿಗೆ ರಬ್ಬರ್ ಕೊಡಬೇಡಿ, ಲೆಕ್ಕ ಮಾಡಿದ ಚೀಟಿಯ ಮೇಲೆ ಹೆಸರು ಬರೆದು ಇಟ್ಟುಕೊಳ್ಳಿ.