ಪೆಡಲ್‌ಬೋರ್ಡ್‌ಗೆ ಬಫರ್: ಟ್ರಾನ್ಸಿಸ್ಟರಾ, ಜೆಫೆಟ್ಟಾ, ಐಸಿಯಾ?

ಎಲೆಕ್ಟ್ರಿಕ್ ಗಿಟಾರಿನ ಸದ್ದು ಬದಲಿಸುವ ಪೆಡಲ್‌ಗಳ ಸಾಲೇ ಪೆಡಲ್‌ಬೋರ್ಡ್; ಉದ್ದ ಕೇಬಲ್‌ನಲ್ಲಿ ಆ ಸದ್ದಿನ ಹೊಳಪು ಹೋಗದಂತೆ ಕಾಯುವ ಚಿಕ್ಕ ಸರ್ಕ್ಯೂಟ್ ಬಫರ್. ಅದನ್ನು ಯಾವುದರಲ್ಲಿ ಕಟ್ಟಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಿಎಲ್072 ಐಸಿಗೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 15–20 ರೂಪಾಯಿಗೆ ಕೊಂಡ ಎಂಟು ಕಾಲಿನ ಐಸಿ ಅದು. ಅದರ ಎದುರು ನಿಲ್ಲಿಸಿದ್ದು ಎರಡನ್ನು: ಗಿಟಾರ್ ಮಂದಿ ಎಲ್ಲ ಹೊಗಳುವ ಜೆ201 ಜೆಫೆಟ್ (ಇದೂ ಟ್ರಾನ್ಸಿಸ್ಟರಿನದೇ ಒಂದು ಬಗೆ), ಮತ್ತು ಮೂರು ರೂಪಾಯಿಯ ಬಿಸಿ549 ಟ್ರಾನ್ಸಿಸ್ಟರ್. ಮೂರನ್ನೂ ನಾನೇ ಕಟ್ಟಿ, ಒಂದೇ ಗಿಟಾರ್, ಒಂದೇ ಆಂಪ್‌ನಲ್ಲಿ ನುಡಿಸಿ ನೋಡಿದ್ದೇನೆ.

ಬಫರ್ ಯಾಕೆ ಬೇಕು ಅನ್ನುವವರಿಗೆ ಚಿಕ್ಕ ಲೆಕ್ಕ. ಗಿಟಾರ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಗಿಟಾರಿನಿಂದ ಬೋರ್ಡಿಗೆ 6 ಮೀಟರ್, ಬೋರ್ಡಿನಿಂದ ಆಂಪ್‌ಗೆ ಇನ್ನೊಂದು 6 ಮೀಟರ್. ನನ್ನ ಪೆಡಲ್‌ಗಳೆಲ್ಲ ಟ್ರೂ ಬೈಪಾಸ್, ಆಫ್ ಮಾಡಿದರೆ ಸಿಗ್ನಲ್ ಒಳಗಿನ ಸರ್ಕ್ಯೂಟ್ ಮುಟ್ಟದೆ ನೇರ ಹಾದುಹೋಗುತ್ತದೆ. ಅಂದರೆ ಎಲ್ಲವೂ ಆಫ್ ಇದ್ದಾಗ ಈ 12 ಮೀಟರ್ ಕೇಬಲ್ಲಿನ ಭಾರವೆಲ್ಲ ಪಿಕಪ್ ಮೇಲೆ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಕಾಯಿಲ್ ಮೇಲೆ. ಸ್ಟ್ರಾಟ್ ಮಾದರಿಯ ಸಿಂಗಲ್ ಕಾಯಿಲ್‌ಗೆ 2.4 ಹೆನ್ರಿ ಇಂಡಕ್ಟೆನ್ಸ್ ಅಂತ ಇಟ್ಟುಕೊಳ್ಳಿ. 6 ಮೀಟರ್ ಕೇಬಲ್‌ಗೆ ಅದರ ರೆಸೊನೆನ್ಸ್ (ಪಿಕಪ್ ಅತಿ ಜೋರಾಗಿ ನುಡಿಯುವ ಜಾಗ) 3.9 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ. 12 ಮೀಟರ್ ಆದರೆ 2.9ಕ್ಕೆ ಇಳಿಯುತ್ತದೆ. ಪಿಕ್ ತಂತಿಗೆ ತಾಗಿದಾಗಿನ ಹೊಳಪು ಇರುವುದೇ ಆ ಜಾಗದಲ್ಲಿ. ಆಂಪ್‌ನ ಟ್ರೆಬಲ್ ಏರಿಸಿದರೆ ಸುಯ್ ಅನ್ನುವ ಶಬ್ದ ಜಾಸ್ತಿ ಆಗುತ್ತದೆ ಅಷ್ಟೇ, ಹೋದ ಹೊಳಪು ವಾಪಸ್ ಬರುವುದಿಲ್ಲ.

ಬಫರ್ ಸದ್ದನ್ನು ದೊಡ್ಡದು ಮಾಡುವುದಿಲ್ಲ. ಪಿಕಪ್ ಮೇಲೆ ಭಾರ ಹಾಕದೆ, ಮುಂದಿನ ಕೇಬಲ್ಲನ್ನು ತಾನೇ ನೋಡಿಕೊಳ್ಳುತ್ತದೆ. ನಿಮ್ಮ ಬೋರ್ಡಿನಲ್ಲಿ ಬಾಸ್ ಕಂಪನಿಯ ಪೆಡಲ್ ಒಂದು ಇದ್ದರೆ ಬಹುಪಾಲು ಅದರೊಳಗೇ ಬಫರ್ ಇರುತ್ತದೆ. ಅದನ್ನು ಸಾಲಿನ ಮೊದಲಿಗೆ ತಂದು ನುಡಿಸಿ. ಸಾಕು ಅನ್ನಿಸಿದರೆ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಕೆಲಸವೇ ಇಲ್ಲ.

ಈಗ ಜೆಫೆಟ್ ವಿಷಯಕ್ಕೆ ಬರೋಣ. ನನ್ನ ತಲೆ ಕೆಡಿಸಿದ್ದು ಇದೇ.

ಸರ್ಕ್ಯೂಟ್ ನೋಡಿದರೆ ಆಸೆ ಆಗುತ್ತದೆ. ಜೆಫೆಟ್‌ಗೆ ಮೂರು ಕಾಲು: ಗೇಟ್, ಸೋರ್ಸ್, ಡ್ರೇನ್. ಒಂದು ಜೆ201, ಗೇಟ್‌ಗೆ 1 ಮೆಗಾಓಮ್, ಸೋರ್ಸ್‌ಗೆ 10 ಕಿಲೋಓಮ್, 9 ವೋಲ್ಟ್‌ನ ಅರ್ಧ 4.5 ವೋಲ್ಟ್ ಮಾಡಿಕೊಳ್ಳಲು ಎರಡು ರೆಸಿಸ್ಟರ್, ಒಳಗೆ ಹೊರಗೆ ಒಂದೊಂದು ಕೆಪಾಸಿಟರ್. ಹತ್ತು ನಿಮಿಷದ ಕೆಲಸ. ಆದರೆ ಉದ್ದ ಕಾಲಿನ ಜೆ201 ತಯಾರಿಕೆಯನ್ನು ದೊಡ್ಡ ಕಂಪನಿಗಳು ನಿಲ್ಲಿಸಿ ಕಾಲವಾಯಿತು. ಈಗ ಹೊಸದಾಗಿ ಸಿಗುವುದು ಹೆಚ್ಚಾಗಿ ಸರ್ಕ್ಯೂಟ್ ಬೋರ್ಡಿನ ಮೇಲ್ಮೈಗೆ ಅಂಟಿಸುವ ಚಿಕ್ಕ ರೂಪದ್ದು, ಅಕ್ಕಿ ಕಾಳಿಗಿಂತ ಸಣ್ಣದು. ನನ್ನ ಕಣ್ಣಿಗೂ ಕೈಗೂ ಅದು ಆಗದ ಮಾತು. ಆದರೂ ಆನ್‌ಲೈನ್‌ನಲ್ಲಿ ಉದ್ದ ಕಾಲಿನದು ಹತ್ತರ ಪೊಟ್ಟಣದಲ್ಲಿ ಸಿಗುತ್ತದೆ. ಮೇಲೆ ಜೆ201 ಅಂತ ಅಚ್ಚುಕಟ್ಟಾಗಿ ಬರೆದಿರುತ್ತದೆ. ತರಿಸಿದೆ.

ಬ್ರೆಡ್‌ಬೋರ್ಡ್ ಮೇಲೆ ಮೆಲ್ಲಗೆ ನುಡಿಸಿದರೆ ಚೆನ್ನಾಗಿತ್ತು. ಹಂಬಕರ್ (ಎರಡು ಕಾಯಿಲ್‌ನ ಜೋರು ಪಿಕಪ್) ಇರುವ ಗಿಟಾರ್ ಹಾಕಿ ಆರೂ ತಂತಿಗೆ ಜೋರಾಗಿ ಹೊಡೆದರೆ ಹೊಡೆತದ ತುದಿಯಲ್ಲಿ ಸಣ್ಣಗೆ ಕರಕರ. ಕೇಬಲ್ ಬದಲಿಸಿದೆ, ಅಡಾಪ್ಟರ್ ತೆಗೆದು ಬ್ಯಾಟರಿ ಹಾಕಿದೆ, ಅದೇ ಕರಕರ. ಆಮೇಲೆ ಮಲ್ಟಿಮೀಟರ್ ಹಿಡಿದು ಸೋರ್ಸ್ ಕಾಲಿನ ವೋಲ್ಟೇಜ್ ನೋಡಿದೆ. ಗೇಟ್‌ನಲ್ಲಿ 4.5 ವೋಲ್ಟ್ ಇದ್ದರೆ, ಅಸಲಿ ಜೆ201ರಲ್ಲಿ ಸೋರ್ಸ್ 5ರ ಹತ್ತಿರ ಇರಬೇಕು. ಇಲ್ಲಿ ತೋರಿಸಿದ್ದು 6.5. ಉಳಿದ ಎರಡೂವರೆಯಲ್ಲಿ ಸ್ವಲ್ಪವನ್ನು ಜೆಫೆಟ್ ಕೆಲಸ ಮಾಡಲು ಅದಕ್ಕೇ ಬಿಡಬೇಕು. ಅಂದರೆ 9 ವೋಲ್ಟ್‌ನ ಸೂರಿಗೆ ತಲೆ ತಾಗುವ ಮುಂಚೆ ಮೇಲ್ಮುಖವಾಗಿ ಓಡಾಡಲು ಒಂದೂವರೆ ವೋಲ್ಟ್ ಜಾಗವೂ ಸರಿಯಾಗಿ ಇಲ್ಲ. ಹಂಬಕರ್‌ನ ಜೋರು ಹೊಡೆತ ಒಂದು ವೋಲ್ಟ್ ದಾಟುವುದು ಸಾಮಾನ್ಯ.

ಹಾಗಾದರೆ ಇವು ಏನು? ಪರೀಕ್ಷೆ ಸುಲಭ, ಜೆಫೆಟ್ ಕೊಳ್ಳುವ ಎಲ್ಲರೂ ಮಾಡಬೇಕು. ಗೇಟ್ ಮತ್ತು ಸೋರ್ಸ್ ಎರಡನ್ನೂ ಸೇರಿಸಿ ಬ್ಯಾಟರಿಯ ಮೈನಸ್‌ಗೆ ಕೊಡಿ. ಪ್ಲಸ್‌ನಿಂದ ಡ್ರೇನ್‌ಗೆ ಮಲ್ಟಿಮೀಟರ್ ಮೂಲಕ ಹೋಗಿ, ಮೀಟರ್ ಮಿಲಿಆಂಪಿಯರ್‌ನಲ್ಲಿರಲಿ. ಜೆ201 ಆದರೆ 0.2ರಿಂದ 1 ಮಿಲಿಆಂಪಿಯರ್ ಒಳಗೆ ತೋರಿಸಬೇಕು. ನನ್ನ ಮೊದಲನೆಯದು 7 ತೋರಿಸಿತು. ಒಂದೆರಡು ಬಿಟ್ಟು ಪೊಟ್ಟಣದಲ್ಲಿದ್ದ ಉಳಿದವೂ ಸುಮಾರಾಗಿ ಅದೇ ಅಳತೆ. ಬೇರೆ ಯಾವುದೋ ಜೆಫೆಟ್‌ನ ಹಳೇ ಹೆಸರು ಉಜ್ಜಿ ಹೊಸ ಹೆಸರು ಹೊಡೆದಿದ್ದಾರೆ. ಉಗುರಿನಲ್ಲಿ ಕೆರೆದರೆ ಅಕ್ಷರ ಪುಡಿಯಾಗಿ ಬಂತು. ಆ ಒಂದೆರಡು ಜೆಫೆಟ್ಟೇ ಅಲ್ಲ, ಮಾಮೂಲಿ ಟ್ರಾನ್ಸಿಸ್ಟರ್: ಜೆಫೆಟ್‌ನಲ್ಲಿ ಡ್ರೇನ್ ಸೋರ್ಸ್ ನಡುವೆ ಮೀಟರ್ ಇಟ್ಟರೆ ಎರಡೂ ಕಡೆಯಿಂದ ರೆಸಿಸ್ಟೆನ್ಸ್ ಕಾಣಿಸಬೇಕು, ಇವುಗಳಲ್ಲಿ ಏನೂ ಕಾಣಿಸಲಿಲ್ಲ. ಅಂಗಡಿಯವರಿಗೆ ಬರೆದರೆ ‘ನಮ್ಮಲ್ಲಿ ಬಂದಿದ್ದೇ ಹೀಗೆ’ ಅಂತ ಉತ್ತರ. ದುಡ್ಡು ವಾಪಸ್ ಬರಲಿಲ್ಲ.

ಗೇಟ್ ವೋಲ್ಟೇಜನ್ನು ಕೆಳಗಿಳಿಸಿ ಇದೇ ಜೆಫೆಟ್ಟನ್ನು ಪಳಗಿಸಬಹುದು. ರೆಸಿಸ್ಟರ್ ಬದಲಿಸಿ ಸೋರ್ಸ್ 4.5ಕ್ಕೆ ತಂದ ಮೇಲೆ ಕರಕರ ನಿಂತಿತು. ಆದರೆ ಮುಂದಿನ ಜೆಫೆಟ್‌ಗೆ ಮತ್ತೆ ಬೇರೆ ರೆಸಿಸ್ಟರ್. ಅಸಲಿ ಮಾಲಿನಲ್ಲೂ ಒಂದೊಂದು ಪೀಸಿಗೂ ಅಳತೆ ಬೇರೆ, ಅದು ಜೆಫೆಟ್‌ನ ಹುಟ್ಟುಗುಣ. ಗೆಳೆಯನ ಹಳೇ ಡಬ್ಬಿಯಲ್ಲಿ ಒಂದು ಅಸಲಿ ಜೆ201 ಸಿಕ್ಕಿತು, ಅದನ್ನೂ ಹಾಕಿ ಕೇಳಿದೆ. ಹಳೇ ಟ್ಯೂಬ್ ಆಂಪ್ ಥರ ಸದ್ದು ಬೆಚ್ಚಗಿರುತ್ತದೆ ಅಂತಾರಲ್ವಾ, ನನ್ನ ಕಿವಿಗೆ ಟಿಎಲ್072ಗೂ ಅದಕ್ಕೂ ವ್ಯತ್ಯಾಸ ಸಿಗಲಿಲ್ಲ. ಸದ್ದು ಕೂದಲೆಳೆ ಕಮ್ಮಿ, ಅಷ್ಟೇ. ಬಫರ್‌ಗೆ ಬಣ್ಣ ಇರಬಾರದು ಅಂತಲೇ ಅಲ್ಲವೇ ಅದನ್ನು ಕಟ್ಟುವುದು?

ಬಿಸಿ549 ಕಥೆ ಬೇರೆ. ಇದು ನಕಲಿ ಬರುವಷ್ಟು ದುಬಾರಿ ಅಲ್ಲ, ಯಾವ ಅಂಗಡಿಯಲ್ಲಾದರೂ ಇರುತ್ತದೆ. ಕೊನೆಗೆ ಸಿ ಅಕ್ಷರ ಇರುವುದನ್ನು ಕೇಳಿ ತೆಗೆದುಕೊಳ್ಳಿ, ಅದರ ಗೇನ್ 420ಕ್ಕಿಂತ ಮೇಲೆ. ಕರೆಂಟ್ ತಿನ್ನುವುದು ಅರ್ಧ ಮಿಲಿಆಂಪಿಯರ್‌ಗಿಂತ ಕಮ್ಮಿ. ಬ್ಯಾಟರಿಯಲ್ಲೇ ಓಡಿಸುವವರಾದರೆ ಇದೇ ಒಳ್ಳೆಯದು.

ತೊಂದರೆ ಏನಪ್ಪಾ ಅಂದರೆ, ಕಟ್ಟಿ ಆಂಪ್ ಆನ್ ಮಾಡಿದರೆ ಗಿಟಾರಿನ ಹಿಂದೆ ಸಣ್ಣ ದನಿಯಲ್ಲಿ ಯಾರೋ ವಾರ್ತೆ ಓದುತ್ತಿದ್ದಾರೆ. ಬೆಂಗಳೂರು ಆಕಾಶವಾಣಿ! 612 ಕಿಲೋಹರ್ಟ್ಸ್‌ನ ಮೀಡಿಯಂ ವೇವ್ ಪ್ರಸಾರವನ್ನು ನನ್ನ 6 ಮೀಟರ್ ಕೇಬಲ್ ಆಂಟೆನಾ ಆಗಿ ಹಿಡಿದು ತರುತ್ತಿತ್ತು. ಟ್ರಾನ್ಸಿಸ್ಟರಿನ ಬೇಸ್, ಎಮಿಟರ್ ಅನ್ನುವ ಎರಡು ಕಾಲುಗಳ ನಡುವೆ ಇರುವುದು ಡಯೋಡೇ ತಾನೇ, ಹಳೇ ಕಾಲದ ಕ್ರಿಸ್ಟಲ್ ರೇಡಿಯೋದಲ್ಲಿ ಡಯೋಡ್ ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು. ಮನೆಯವರಿಗೆ ಖುಷಿಯಾಯಿತು, ನನಗಲ್ಲ. ಇನ್‌ಪುಟ್‌ಗೆ ಸರಣಿಯಲ್ಲಿ 10 ಕಿಲೋಓಮ್, ಅದರಾಚೆಯಿಂದ ಗ್ರೌಂಡಿಗೆ 100 ಪಿಕೋಫ್ಯಾರಡ್ ಹಾಕಿದೆ, ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಅಲ್ಯೂಮಿನಿಯಂ ಡಬ್ಬಿಗೆ ಬದಲಾಯಿಸಿದೆ. ವಾರ್ತೆ ನಿಂತಿತು. ಇದೇ ಎರಡು ಬಿಡಿಭಾಗಗಳನ್ನು ಈಗ ಏನೇ ಕಟ್ಟಿದರೂ ಹಾಕುತ್ತೇನೆ, ಜೆಫೆಟ್ ಇನ್‌ಪುಟ್‌ಗೆ ಈ ಕಾಯಿಲೆ ಕಮ್ಮಿ ಆದರೂ.

ಇನ್ನೊಂದು ಕೊರತೆ, ಬೇಸ್‌ಗೆ ಕರೆಂಟ್ ಬೇಕಾದ್ದರಿಂದ ಅದಕ್ಕೆ 4.5 ವೋಲ್ಟ್ ತಲುಪಿಸುವ ಬಯಾಸ್ ರೆಸಿಸ್ಟರನ್ನು 470 ಕಿಲೋಓಮ್‌ಗೆ ಇಳಿಸಿದ್ದೆ. ಪಿಕಪ್‌ಗೆ ಅಷ್ಟೂ ಭಾರ ಜಾಸ್ತಿ. ಸಿಂಗಲ್ ಕಾಯಿಲ್‌ನಲ್ಲಿ ಗೊತ್ತಾಗುವುದು ಕಷ್ಟ. ಹಂಬಕರ್‌ನಲ್ಲಿ ಸ್ವಲ್ಪ ಗೊತ್ತಾಯಿತು.

ಟಿಎಲ್072 ಬಗ್ಗೆ ಬರೆಯಲು ಜಾಸ್ತಿ ಇಲ್ಲ, ಅದೇ ಅದರ ಗುಣ. ಇನ್‌ಪುಟ್ ಒಳಗೇ ಜೆಫೆಟ್ ಇದೆ, 1 ಮೆಗಾಓಮ್ ಧಾರಾಳವಾಗಿ ಹಾಕಬಹುದು. ಔಟ್‌ಪುಟ್ ಕಾಲನ್ನು ಮೈನಸ್ ಇನ್‌ಪುಟ್‌ಗೆ ನೇರ ಸೇರಿಸಿದರೆ ಬಫರ್ ಆಯಿತು. ಒಂದು ಪೀಸ್ ಕಿತ್ತು ಇನ್ನೊಂದು ಹಾಕಿದರೂ ವೋಲ್ಟೇಜ್ ಅದೇ 4.5. ಅಳೆಯುವುದು, ಆರಿಸುವುದು ಯಾವುದೂ ಇಲ್ಲ. ಐಸಿ ಸಾಕೆಟ್ ಹಾಕಿದರೆ ಕಿತ್ತು ಹಾಕುವುದಕ್ಕೂ ಸುಲಭ. ಔಟ್‌ಪುಟ್‌ನಲ್ಲಿ 100 ಓಮ್ ಮರೆಯಬೇಡಿ, ಉದ್ದ ಕೇಬಲ್ ಕಂಡರೆ ಐಸಿ ಕೆಲವೊಮ್ಮೆ ಆಸಿಲೇಟ್ ಆಗುತ್ತದೆ, ಅಂದರೆ ತಾನೇ ಕೂಗಲು ಶುರು ಮಾಡುತ್ತದೆ. ಔಟ್‌ಪುಟ್ ಕೆಪಾಸಿಟರ್ ಆದಮೇಲೆ ಗ್ರೌಂಡಿಗೆ ಒಂದು 100 ಕಿಲೋಓಮ್ ಇದ್ದರೆ ಜ್ಯಾಕ್ ಚುಚ್ಚಿದಾಗ ‘ಟಪ್’ ಅನ್ನುವುದಿಲ್ಲ.

ಒಂದೇ ಐಸಿಯಲ್ಲಿ ಎರಡು ಆಂಪ್ಲಿಫೈಯರ್ ಇರುವುದು ನನಗೆ ಬೋನಸ್. ಎರಡನೆಯದನ್ನು ಟ್ಯೂನರ್‌ಗೆ ಬೇರೆ ಜ್ಯಾಕ್ ಮಾಡಿ ಕೊಟ್ಟಿದ್ದೇನೆ. ಟ್ಯೂನರ್ ಸದಾ ಉರಿಯುತ್ತಿರುತ್ತದೆ, ಮುಖ್ಯ ಸಾಲಿಗೆ ಅದರ ಸೋಂಕಿಲ್ಲ. ಹಾಡಿನ ನಡುವೆ ಶ್ರುತಿ ನೋಡುವ ಚಟ ಇಲ್ಲದವರಿಗೆ ಟಿಎಲ್071 ಸಾಕು, ಅದರಲ್ಲಿ ಒಂದೇ ಇರುತ್ತದೆ.

ಅಂಗಡಿಯಲ್ಲಿ ‘ಆಡಿಯೋಗೆ ಎನ್ಇ5532 ತಗೊಳ್ಳಿ ಸಾರ್, ನಾಯ್ಸ್ ಕಮ್ಮಿ’ ಅನ್ನುತ್ತಾರೆ. ಮಿಕ್ಸರ್‌ಗೆ ಆ ಮಾತು ನಿಜ. ಆದರೆ ಅದರ ಇನ್‌ಪುಟ್ ಬೈಪೋಲಾರ್ (ಬಿಸಿ549ರಂಥ ಮಾಮೂಲಿ ಟ್ರಾನ್ಸಿಸ್ಟರ್), ಗಿಟಾರಿನಂಥ ಹೈ ಇಂಪಿಡೆನ್ಸ್ ಮೂಲಕ್ಕೆ ಹೊಂದುವುದಿಲ್ಲ, ಸುಯ್ ಶಬ್ದ ಜಾಸ್ತಿ ಆಗುತ್ತದೆ. ಗಿಟಾರ್ ಇನ್‌ಪುಟ್‌ಗೆ ಟಿಎಲ್072 ಬೇಕು ಅಂತಲೇ ಕೇಳಿ.

ಕರೆಂಟ್ 3 ಮಿಲಿಆಂಪಿಯರ್ ಹತ್ತಿರ. ನಾನು ಅಡಾಪ್ಟರ್ ಬಳಸುವವನು, ಲೆಕ್ಕಕ್ಕಿಲ್ಲ. ಪೆಡಲ್ ಅಡಾಪ್ಟರಿನ ಪಿನ್‌ನ ನಡುಭಾಗ ಮೈನಸ್, ಮನೆಯ ರೌಟರ್ ಅಡಾಪ್ಟರಿನದು ಸಾಮಾನ್ಯವಾಗಿ ಪ್ಲಸ್. ತಪ್ಪಿ ಉಲ್ಟಾ ಚುಚ್ಚಿದರೂ ಸರ್ಕ್ಯೂಟ್ ಉಳಿಯಲಿ ಅಂತ ಪವರ್ ಜ್ಯಾಕ್ ಬಳಿ ಒಂದು 1ಎನ್4001 ಡಯೋಡ್ ಹಾಕಿಬಿಡಿ.

ದುಡ್ಡಿನ ವಿಷಯದಲ್ಲಿ ಮೂರಕ್ಕೂ ಏನೂ ವ್ಯತ್ಯಾಸ ಇಲ್ಲ. ಡಬ್ಬಿ, ಮೂರು ಜ್ಯಾಕ್, ಪವರ್ ಸಾಕೆಟ್ ಇವೇ ಮುಕ್ಕಾಲು ಖರ್ಚು. ಸದಾ ಆನ್ ಇರುವ ಬಫರ್‌ಗೆ ಕಾಲಲ್ಲಿ ಒತ್ತುವ ಸ್ವಿಚ್ ಬೇಕಿಲ್ಲ, ಅಷ್ಟು ಉಳಿಯಿತು.

ಯಾವುದನ್ನೇ ಕಟ್ಟಿ, ಫಜ್ ಫೇಸ್ ಜಾತಿಯ (ಸದ್ದನ್ನು ಒರಟಾಗಿ ಒಡೆಯುವ) ಪೆಡಲ್ ಇದ್ದರೆ ಅದು ಬಫರಿನ ಮುಂಚೆ ಇರಲಿ. ಅದರ ಇನ್‌ಪುಟ್ ಇಂಪಿಡೆನ್ಸ್ ತೀರಾ ಕಮ್ಮಿ, ಪಿಕಪ್ ನೇರವಾಗಿ ಸಿಕ್ಕರೇನೇ ಅದು ಸರಿಯಾಗಿ ಹಾಡುವುದು. ನಡುವೆ ಬಫರ್ ಬಂದರೆ ಸದ್ದು ಗಡುಸಾಗುತ್ತದೆ, ಗಿಟಾರಿನ ವಾಲ್ಯೂಮ್ ತಗ್ಗಿಸಿ ತಿಳಿ ಮಾಡುವ ಆಟವೂ ಹೋಗುತ್ತದೆ. ನನ್ನ ಬೋರ್ಡಿನಲ್ಲಿ ಗಿಟಾರ್, ಫಜ್, ಬಫರ್, ಆಮೇಲೆ ಉಳಿದದ್ದೆಲ್ಲ. ಫಜ್‌ಗೂ ಬಫರ್‌ಗೂ ನಡುವಿನ ಕೇಬಲ್ ಗೇಣುದ್ದ ಮಾತ್ರ.