ಉಳಿ ಮಸೆಯಲು ಕಲ್ಲೋ, ಪೇಪರ್ರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಾಟರ್ ಪೇಪರ್‌ಗೆ, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದಕ್ಕೆ. ಅಡುಗೆ ಕಟ್ಟೆಗೆ ಹಾಕಿಸಿ ಮಿಕ್ಕಿದ್ದ ಗ್ರಾನೈಟ್ ತುಂಡು, ಅದರ ಮೇಲೆ ಒದ್ದೆ ಪೇಪರ್. ನಮ್ಮ ಕೊಪ್ಪಳದ ಕಡೆ ಗ್ರಾನೈಟ್ ಚೂರಿಗೇನು ಬರ? ಕುಷ್ಟಗಿ, ಇಳಕಲ್ ಕಡೆಯ ಕಲ್ಲು ಯಾರದಾದರೂ ಹಿತ್ತಿಲಲ್ಲಿ ಸುಮ್ನೆ ಬಿದ್ದಿರುತ್ತದೆ. ಪಾಲಿಶ್ ಆದ ಮುಖ ಮಟ್ಟಸವಾಗಿದ್ದರೆ ಸಾಕು.

ಇದಕ್ಕೂ ಮೊದಲು 180 ರೂಪಾಯಿ ಕೊಟ್ಟು ಎರಡು ಮುಖದ ಸಾಣೆಕಲ್ಲು ತಂದಿದ್ದೆ. ಅರ್ಧ ಇಂಚಿನ ಉಳಿಯನ್ನು ಪ್ರತಿ ಭಾನುವಾರ ಅದರ ನಟ್ಟನಡುವೆಯೇ ಉಜ್ಜುತ್ತಿದ್ದೆ. ಚೆನ್ನಾಗೇ ಇತ್ತು. ಕಪಾಟಿನ ಬಾಗಿಲಿಗೆ ಬಿಜಾಗರಿ ಕೂರಿಸಲು ಒಂದಿಂಚಿನ ಉಳಿ ಮಸೆದಾಗ ತಕರಾರು ಶುರುವಾಯಿತು. ತೋಡಿದ ಜಾಗ ನಡುವೆ ಆಳ, ಮೂಲೆಯಲ್ಲಿ ಮರ ಹಾಗೇ ಉಳಿಯುತ್ತಿತ್ತು. ಮತ್ತೆ ಮಸೆದೆ, ಮತ್ತೆ ಅದೇ ಕಥೆ. ಸಾಗವಾನಿಯನ್ನೇ ಬೈದೆ.

ಓಣಿಯ ಬಡಿಗ ಕಾಕಾ ಕಲ್ಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ ನಕ್ಕರು. "ಏನ್ ತಮ್ಮಾ, ಕಲ್ಲಾಗ ತೆಗ್ಗು ಬಿದ್ದೈತಲ್ಲ, ಉಳಿ ಹೆಂಗ ನೆಟ್ಟಗಾದೀತು?"

ನಿಜ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟರೆ ಕೆಳಗೆ ಬೆಳಕು ಕಾಣುತ್ತಿತ್ತು. ತೆಗ್ಗಿನಲ್ಲಿ ಅಗಲದ ಉಳಿ ಉಜ್ಜಿದರೆ ಎರಡೂ ಮೂಲೆ ಜಾಸ್ತಿ ಸವೆಯುತ್ತವೆ, ಅಂಚು ಉಗುರಿನಂತೆ ದುಂಡಗಾಗುತ್ತದೆ. ಉಳಿಯ ಬೆನ್ನೂ, ಅಂದರೆ ಇಳಿಜಾರಿಲ್ಲದ ಚಪ್ಪಟೆ ಮುಖವೂ, ಉಬ್ಬಿತ್ತು. ಕಲ್ಲನ್ನು ಮಟ್ಟ ಮಾಡೋಣವೆಂದು ಅದರ ಮೇಲೆ ಪೆನ್ಸಿಲ್ ಗೆರೆ ಎಳೆದು, ಗ್ರಾನೈಟ್ ಮೇಲೆ 80 ನಂಬರ್ ಪೇಪರ್ ಹಾಸಿ ತಿಕ್ಕಿದೆ. ಗೆರೆಯೆಲ್ಲ ಅಳಿದರೆ ಕಲ್ಲು ಮಟ್ಟವಾದಂತೆ. ಅರ್ಧ ಗಂಟೆಯಾದರೂ ನಡುವಿನ ಗೆರೆ ಜಪ್ಪಯ್ಯ ಅನ್ನಲಿಲ್ಲ. ಮೇಲಾಗಿ ನಾನು ಇಷ್ಟು ದಿನ ಹಾಕಿದ್ದು ಕೊಬ್ಬರಿ ಎಣ್ಣೆ. ಅದು ಕಬ್ಬಿಣದ ಪುಡಿಯ ಜೊತೆ ಅಂಟಾಗಿ ಕಲ್ಲಿನ ಕಣ್ಣೆಲ್ಲ ಮುಚ್ಚಿತ್ತು. ಹೊಲಿಗೆ ಮಷಿನ್ ಎಣ್ಣೆ ಹಾಕಬೇಕಿತ್ತು. ಬೆವರು ಒರೆಸಿಕೊಳ್ಳುತ್ತಾ ಕೂತಾಗ ಹೊಳೆಯಿತು, ಈ ಪೇಪರ್ ಕಲ್ಲನ್ನೇ ಸವೆಸುತ್ತದೆ ಅಂದರೆ ಉಳಿಯನ್ನೇ ಇದರ ಮೇಲೆ ಉಜ್ಜಬಾರದಾ?

ಅವತ್ತಿನಿಂದ ಅದೇ. ಒಂದು ಹಾಳೆಯನ್ನು ನಾಲ್ಕು ಪಟ್ಟಿ ಮಾಡುತ್ತೇನೆ. ನೀರು ಚಿಮುಕಿಸಿದರೆ ಗ್ರಾನೈಟ್‌ಗೆ ತಾನೇ ಅಂಟುತ್ತದೆ. ಮೊದಲು 220 ನಂಬರ್, ಆಮೇಲೆ 400, 1000, ಕೊನೆಗೆ 2000; ನಂಬರ್ ಏರಿದಷ್ಟೂ ಪೇಪರ್ ನುಣುಪು. 220ರಲ್ಲಿ ಅಂಚಿನ ಬೆನ್ನಿನ ಕಡೆ ಬೆರಳಿಗೆ ಸಣ್ಣ ತರಿ ತಾಕುವವರೆಗೂ ಮುಂದಿನ ಪೇಪರ್ ಮುಟ್ಟುವುದಿಲ್ಲ. ಕೊನೆಯಲ್ಲಿ ಬೆನ್ನನ್ನು ಚಪ್ಪಟೆಯಾಗಿ ಇಟ್ಟು ಆ ತರಿ ತೆಗೆದು, ಹಳೆ ಚರ್ಮದ ಬೆಲ್ಟಿನ ಮೇಲೆ ಹತ್ತು ಸಲ ಹಿಂದಕ್ಕೆ ಎಳೆಯುತ್ತೇನೆ. ಕೋನ ಅಳೆಯುವ ಸಾಮಾನು ಬೇಡ. ಉಳಿ 5 ಮಿಲಿಮೀಟರ್ ದಪ್ಪ ಇದ್ದರೆ ಇಳಿಜಾರು ಮುಖ 10 ಮಿಲಿಮೀಟರ್ ಇರಲಿ, 30 ಡಿಗ್ರಿ ಆಯಿತು.

ಪೇಪರ್‌ಗೂ ಒಂದು ಕಾಟ ಇದೆ. ಉಳಿಯನ್ನು ಮುಂದಕ್ಕೆ ತಳ್ಳಿದಿರೋ, ಚರ್ರನೆ ಹರಿಯುತ್ತದೆ. ಹಿಂದಕ್ಕಷ್ಟೇ ಎಳೆಯಬೇಕು. ಕಲ್ಲಿನ ಕೈ ಅಭ್ಯಾಸ ಬಿಡಲು ನನಗೆ ಮೂರು ಹಾಳೆ ಬೇಕಾಯಿತು.

ಗೆಳೆಯನ ನೀರುಕಲ್ಲನ್ನೂ ನೋಡಿದೆ. ಅಂಚು ಕನ್ನಡಿಯಂತೆ ಬರುತ್ತದೆ, ಸುಳ್ಳು ಹೇಳಲಾರೆ. ಆದರೆ ಮೊದಲು ಹದಿನೈದು ನಿಮಿಷ ನೆನೆಹಾಕಬೇಕು, ನಮ್ಮ ಏಪ್ರಿಲ್ ಬಿಸಿಲಿಗೆ ಎರಡು ಸಲ ಎಳೆಯುವಷ್ಟರಲ್ಲಿ ಮೇಲೆಲ್ಲ ಒಣಗಿರುತ್ತದೆ. ಮೆತ್ತಗಿರುವುದರಿಂದ ತೆಗ್ಗು ಇನ್ನೂ ಬೇಗ. ಬೆಲೆಯೂ ನನ್ನ ಮೂರು ಉಳಿಗಿಂತ ಜಾಸ್ತಿ.

ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟಿಗೆ ತೆಗ್ಗಿನ ಚಿಂತೆಯಿಲ್ಲ, ದುಡ್ಡಿನದ್ದೇ ಚಿಂತೆ. ಕರೆಂಟಿನ ಸಾಣೆ ಚಕ್ರ ಹೊಸಬರಿಗೆ ಬೇಡವೇ ಬೇಡ. ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತು.

ದಿನವೂ ಹತ್ತು ಉಳಿ ಮಸೆಯುವವರಿಗೆ ಪೇಪರ್ ಖರ್ಚು ಏರುತ್ತದೆ, ಅವರು ಒಳ್ಳೆ ಕಲ್ಲನ್ನೇ ತಗೊಳ್ಳಲಿ. ನನ್ನದು ಭಾನುವಾರದ ಬಡಿಗತನ, ಇರುವುದು ಮೂರೇ ಉಳಿ. ತಿಂಗಳಿಗೆ ನಾಲ್ಕು ಹಾಳೆ ಸಾಕು.

ಹಳೆ ಕಲ್ಲು ಈಗ ಅಡುಗೆಮನೆ ಸೇರಿದೆ. ಅವ್ವ ಅದರಲ್ಲಿ ಈಳಿಗೆ ಮಸೆಯುತ್ತಾಳೆ, ತೆಗ್ಗಿನ ಬಗ್ಗೆ ಅವಳದೇನೂ ದೂರಿಲ್ಲ.