ಮೊದಲ ಸ್ನೋಬೋರ್ಡ್: ರಾಕರ್, ಕ್ಯಾಂಬರ್, ಹೈಬ್ರಿಡ್ ಮೂರೂ ಓಡಿಸಿ ನೋಡಿದ್ಮೇಲೆ

ಮೊದಲ ಬೋರ್ಡ್ ತಗೊಳ್ಳೋರಿಗೆ ಕಣ್ಣಿಗೆ ಬೀಳೋದು ಮೊದಲು ಮೇಲಿನ ಡಿಸೈನು, ಆಮೇಲೆ ಬೆಲೆ, ಆಮೇಲೆ ಉದ್ದ. ಓಡಿಸೋವಾಗ ಕಾಲಿಗೆ ಗೊತ್ತಾಗೋದು ಮಾತ್ರ ಬೋರ್ಡಿನ ಬಾಗು, ಅಂದ್ರೆ ಪ್ರೊಫೈಲು. ಅದಕ್ಕೇ ನನ್ನದೇ ಬೂಟು ಹಾಕ್ಕೊಂಡು, ಹೆಚ್ಚುಕಮ್ಮಿ ಒಂದೇ ಉದ್ದದ ಬೋರ್ಡುಗಳನ್ನ ಬಾಡಿಗೆಗೆ ತಗೊಂಡು ಮೂರು ಥರದ್ದನ್ನೂ ಓಡಿಸಿದೆ, ಬೂಟನ್ನ ಬೋರ್ಡಿಗೆ ಹಿಡಿದಿಡೋ ಬೈಂಡಿಂಗನ್ನೂ ಹಾಗೇ ಬದಲಾಯಿಸಿ ನೋಡಿದೆ.

ರಾಕರ್ ಮೊದಲು, ಯಾಕಂದ್ರೆ ಹೊಸಬರಿಗೆ ಎಲ್ಲರೂ ಹೇಳೋದು ಅದನ್ನೇ. ನಡು ಕೆಳಗೆ, ಎರಡೂ ತುದಿ ಮೇಲಕ್ಕೆ, ನೆಲದ ಮೇಲಿಟ್ಟು ಒತ್ತಿದ್ರೆ ತೊಟ್ಟಿಲ ಥರ ತೂಗುತ್ತೆ. ತುದಿ ಹತ್ರದ ಎಡ್ಜು, ಅಂದ್ರೆ ಅಂಚಿನ ಲೋಹದ ಪಟ್ಟಿ, ಹಿಮಕ್ಕೆ ಅಷ್ಟಾಗಿ ತಾಗಲ್ಲ, ಹಾಗಾಗಿ ತಿರುಗಿಸೋದು ಸಲೀಸು, ಎಡ್ಜ್ ಸಿಕ್ಕಿ ಬೀಳೋದು ಕಮ್ಮಿ, ಮೆತ್ತನೆ ಹೊಸ ಹಿಮದಲ್ಲಂತೂ ಮುಂದಿನ ತುದಿ ತಾನಾಗೇ ಮೇಲೆ ತೇಲುತ್ತೆ. ಆದ್ರೆ ಬೆಳಗ್ಗೆ ಬೆಳಗ್ಗೆ ಇಳಿಜಾರು ಕಲ್ಲಿನಷ್ಟು ಗಟ್ಟಿಯಾಗಿರೋವಾಗ ಹಿಡಿತ ಅನ್ನೋದೇ ಇರಲ್ಲ, ಸ್ವಲ್ಪ ಸ್ಪೀಡಲ್ಲಿ ನೇರ ಹೋದ್ರೆ ಕಾಲ ಕೆಳಗೆ ಬೋರ್ಡು ಅತ್ಲಾಗೆ ಇತ್ಲಾಗೆ ಹೊರಳೋಕೆ ಶುರು ಮಾಡುತ್ತೆ. ನನಗೆ ಬೇಗ ಬೇಜಾರು ಬಂತು.

ಕ್ಯಾಂಬರ್ ಇದರ ಉಲ್ಟಾ. ನಡು ಮೇಲಕ್ಕೆ ಎದ್ದಿರುತ್ತೆ, ಮೇಲೆ ನಿಂತಾಗ ಮೈಭಾರಕ್ಕೆ ಚಪ್ಪಟೆಯಾಗಿ ಎಡ್ಜು ಉದ್ದಕ್ಕೂ ಒತ್ಕೊಳ್ಳುತ್ತೆ. ಹಿಡಿತ ಅಂದ್ರೆ ಇದು, ಜಿಗಿಯೋಕೂ ಚೆನ್ನಾಗಿ ಪುಟಿಯುತ್ತೆ. ಆದ್ರೆ ಕ್ಷಮಿಸೋ ಬುದ್ಧಿ ಇಲ್ಲ, ಇಳಿಜಾರಿನ ಕೆಳಗಡೆ ಇರೋ ಎಡ್ಜು ಒಂಚೂರು ತಾಗಿದ್ರೆ ಸಾಕು, ಏನಾಯ್ತು ಅಂತ ಗೊತ್ತಾಗೋ ಮುಂಚೆ ಬಿದ್ದಿರ್ತೀರಿ, ಹಿಂದಕ್ಕೆ ಬಿದ್ರೆ ತಲೆಗೇ ಪೆಟ್ಟು (ಹೆಲ್ಮೆಟ್ ವಿಷಯದಲ್ಲಿ ಚರ್ಚೆನೇ ಬೇಡ).

ಹೈಬ್ರಿಡ್ ಅಂತ ಮಾರೋದ್ರಲ್ಲಿ ಎರಡು ಜಾತಿ ಇದೆ, ಇದನ್ನ ಕೇಳಿ ತಿಳ್ಕೊಳ್ದೆ ದುಡ್ಡು ಕೊಡಬೇಡಿ. ಒಂದರಲ್ಲಿ ಎರಡು ಕಾಲಿನ ಮಧ್ಯೆ ರಾಕರ್, ಕಾಲ ಕೆಳಗೆ ಕ್ಯಾಂಬರ್. ಇನ್ನೊಂದರಲ್ಲಿ ಕಾಲಿನ ಮಧ್ಯೆ, ಕೆಳಗೆ ಎಲ್ಲ ಕ್ಯಾಂಬರ್, ತುದಿಗಳು ಮಾತ್ರ ರಾಕರ್. ಮೊದಲನೇದು ರಾಕರಿನ ತಮ್ಮನೇ ಸರಿ. ನನ್ನ ವೋಟು ಎರಡನೇದಕ್ಕೆ, ಗಟ್ಟಿ ಹಿಮದಲ್ಲೂ ನಂಬಿ ನಿಲ್ಲಬಹುದು, ತುದಿ ಸಿಕ್ಕಿ ಬೀಳೋದೂ ತಪ್ಪುತ್ತೆ, ಕಲಿತಾದ್ಮೇಲೂ ಅದನ್ನೇ ಇಟ್ಕೋಬಹುದು.

ಉಳಿದಿದ್ದು ಬೇಗ ಹೇಳಿಬಿಡ್ತೀನಿ. ಉದ್ದನ ಗಲ್ಲದವರೆಗೆ ಅಳೆಯೋದು ಹಳೇ ಲೆಕ್ಕ, ಕಂಪನಿಯ ತೂಕದ ಚಾರ್ಟ್ ನೋಡಿ. ಫ್ಲೆಕ್ಸ್, ಅಂದ್ರೆ ಬೋರ್ಡು ಎಷ್ಟು ಬಿಗಿ ಅನ್ನೋ ಅಂಕಿ, 10ಕ್ಕೆ 3ರಿಂದ 5ರೊಳಗೆ ಇರಲಿ, ಆದ್ರೆ ಒಂದು ಕಂಪನಿಯ 4 ಇನ್ನೊಂದರ 4 ಅಲ್ಲ. ಪಾದ ದೊಡ್ಡದಿದ್ರೆ ವೈಡ್ ಬೋರ್ಡೇ ಬೇಕು, ಇಲ್ಲಾಂದ್ರೆ ವಾಲಿದಾಗ ಬೂಟಿನ ತುದಿ ಹಿಮಕ್ಕೆ ಉಜ್ಜುತ್ತೆ. ತಳ ಎಕ್ಸ್‌ಟ್ರೂಡೆಡ್ (ಪ್ಲಾಸ್ಟಿಕ್ ಕರಗಿಸಿ ಮಾಡಿದ್ದು) ಆದ್ರೂ ಸಾಕು, ಸಿಂಟರ್ಡ್‌ಗಿಂತ (ಪ್ಲಾಸ್ಟಿಕ್ ಪುಡಿ ಒತ್ತಿ ಮಾಡಿದ್ದಕ್ಕಿಂತ) ನಿಧಾನ, ಆದ್ರೆ ಅಗ್ಗ, ವ್ಯಾಕ್ಸ್ ಮಾಡೋ ತಲೆನೋವೂ ಕಮ್ಮಿ.

ಈಗ ಬೈಂಡಿಂಗು. ಎರಡು ಸ್ಟ್ರಾಪಿನ ಮಾಮೂಲಿದು ಕೂತು ಕಟ್ಕೊಳ್ಳೋಕೆ ಟೈಮ್ ತಗೊಳ್ಳುತ್ತೆ, ಅಂಡು ಒದ್ದೆ ಆಗುತ್ತೆ, ಅಷ್ಟೇ ಅದರ ತಪ್ಪು. ಯಾವ ಬೂಟಿಗಾದ್ರೂ ಹೊಂದುತ್ತೆ, ಬಿಗಿ ಎಷ್ಟು ಬೇಕೋ ಅಷ್ಟು. ರಿಯರ್ ಎಂಟ್ರಿಯಲ್ಲಿ ಹಿಂದಿನ ಹೈಬ್ಯಾಕ್, ಅಂದ್ರೆ ಕಾಲಿನ ಹಿಂಬದಿಗೆ ಆನೋ ಪಟ್ಟಿ, ಮಲಗುತ್ತೆ, ಕಾಲು ತೂರಿಸಿ ಲಿವರ್ ಎತ್ತಿದ್ರೆ ಮುಗೀತು, ಆದ್ರೆ ಮೊದಲು ಬೂಟಿಗೆ ಸರಿಯಾಗಿ ಕೂರಿಸೋಕೆ ತಾಳ್ಮೆ ಬೇಕು, ಆಳದ ಹಿಮದಲ್ಲಿ ಹಿಂದಕ್ಕೆ ಬಗ್ಗಿಸೋಕೆ ಜಾಗ ಸಿಗಲ್ಲ. ಸ್ಟ್ರಾಪೇ ಇಲ್ದೆ ತುಳಿದ್ರೆ ಕ್ಲಿಕ್ ಅಂತ ಕೂರೋದು, ಬರ್ಟನ್ ಕಂಪನಿಯ ಸ್ಟೆಪ್ ಆನ್ 2017ರಲ್ಲಿ ಬಂದ್ಮೇಲೆ ತುಂಬಾ ಕಾಣುತ್ತೆ, ಹಿಮ್ಮಡಿಗೊಂದು, ಮುಂಪಾದದ ಎರಡೂ ಪಕ್ಕಕ್ಕೆ ಒಂದೊಂದು ಹಿಡಿತ. ಲಿಫ್ಟ್ ಇಳಿದ ತಕ್ಷಣ ಹೊರಡೋ ಖುಷಿ ನಿಜ, ಆದ್ರೆ ಅದಕ್ಕೆಂದೇ ಮಾಡಿದ ಬೂಟೇ ಬೇಕು, ಆ ಬೂಟು ನಿಮ್ಮ ಪಾದಕ್ಕೆ ಒಗ್ಗದಿದ್ರೆ ಏನ್ ಮಾಡ್ತೀರಿ? ಮೊದಲ ಸೆಟ್‌ಗೆ ನಾನಂತೂ ಎರಡು ಸ್ಟ್ರಾಪೇ ಅಂತೀನಿ, ಉಳಿದ ದುಡ್ಡು ಬೂಟಿಗೆ ಹಾಕಿ.

ಬಿಲ್ ಮಾಡಿಸೋ ಮುಂಚೆ ಬೈಂಡಿಂಗ್ ಸ್ಕ್ರೂ ಹಾಕೋ ಬೋರ್ಡಿನ ತೂತು ನೋಡ್ಕೊಳ್ಳಿ. ಬರ್ಟನ್ ಬೋರ್ಡುಗಳಲ್ಲಿ ಚಾನೆಲ್ ಅಂತ ಉದ್ದ ಸೀಳು ಇರುತ್ತೆ, ಬೇರೆಯವರದ್ದು ಸಾಮಾನ್ಯವಾಗಿ 4x4 ಇಲ್ಲಾ 2x4 ಸೆಂಟಿಮೀಟರ್ ಅಂತರದ ತೂತು. ಬರ್ಟನ್‌ನದೇ ಇಎಸ್‌ಟಿ ಅನ್ನೋ ಥರದ ಬೈಂಡಿಂಗ್ ಚಾನೆಲ್‌ಗೆ ಮಾತ್ರ ಕೂರುತ್ತೆ. ಬೈಂಡಿಂಗಿನ ಕೋನ ಶುರುವಿಗೆ ಮುಂದಿನ ಕಾಲು ಪ್ಲಸ್ 15 ಡಿಗ್ರಿ (ಬೆರಳು ಬೋರ್ಡಿನ ಮುಂದಕ್ಕೆ ತಿರುಗಿ), ಹಿಂದಿನದು ಮೈನಸ್ 6ರ (ಹಿಂದಕ್ಕೆ ತಿರುಗಿ) ಆಸುಪಾಸು ಇಟ್ಟು ನೋಡಿ, ಮಂಡಿ ನೋವು ಬಂದ್ರೆ ಬದಲಾಯಿಸಿ. ಸ್ಕ್ರೂಗಳು ಮೊದಲ ದಿನವೇ ಸಡಿಲ ಆಗೋದುಂಟು, ಹಾಗಾಗಿ ಜೇಬಲ್ಲಿ ದಪ್ಪ ತುದಿಯ, ಅಂದ್ರೆ 3ನೇ ನಂಬರ್ ಫಿಲಿಪ್ಸ್ ಸ್ಕ್ರೂಡ್ರೈವರ್ ಇರಲಿ, ಮನೇಲಿರೋ ಸಣ್ಣದ್ರಲ್ಲಿ ತಿರುಗಿಸಿದ್ರೆ ಸ್ಕ್ರೂ ತಲೆ ಸವೆದು ಹೋಗುತ್ತೆ.